ಕನ್ಸರ್ವೇಶನ್ ಅಥಾರಿಟಿ ಬೋರ್ಡಿನಲ್ಲಿ ಕೂರುವ ಕೌನ್ಸಿಲರ್ ಯಾರ ಕಡೆಯವರು?

ಪ್ರಶ್ನೆ: ನಮಸ್ಕಾರ ಸರ್. ನಾವು ಕೆನಡಾದ ಬ್ರಾಂಪ್ಟನ್‌ನಲ್ಲಿ ಇದ್ದೇವೆ. ಮನೆ ಹಿಂದೆಯೇ ಒಂದು ಹಳ್ಳದ ಕಣಿವೆ. ಅಪ್ಪ ಅಮ್ಮ ಊರಿಂದ ಬಂದು ನಮ್ಮ ಜೊತೆ ಇರಲಿ ಅಂತ ಹಿತ್ತಲಲ್ಲಿ ಒಂದು ಚಿಕ್ಕ ಮನೆ ಕಟ್ಟಬೇಕು ಅಂದುಕೊಂಡೆವು. ಸಿಟಿಯವರು ಕನ್ಸರ್ವೇಶನ್ ಅಥಾರಿಟಿಯ, ಅಂದರೆ ನದಿ ಹಳ್ಳಗಳನ್ನು ನೋಡಿಕೊಳ್ಳುವ ಸಂಸ್ಥೆಯ, ಪರ್ಮಿಟ್ ಬೇಕು ಅಂದರು. ಅಥಾರಿಟಿಯ ಸಿಬ್ಬಂದಿ, ಆ ಜಾಗ ನೆರೆ ಗೆರೆಯ (ಪ್ರವಾಹದ ನೀರು ಬರಬಹುದಾದ ಎಲ್ಲೆಯ) ಒಳಗಿದೆ, ನಾವು ಶಿಫಾರಸು ಮಾಡಲು ಆಗುವುದಿಲ್ಲ ಅಂದಿದ್ದಾರೆ. ಪಕ್ಕದ ಮನೆಯವರು ಹೇಳುವುದು ಬೇರೆ: "ಆ ಬೋರ್ಡಿನಲ್ಲಿ ಕೂರುವವರೆಲ್ಲ ಕೌನ್ಸಿಲರ್‌ಗಳೇ, ಯಾರನ್ನಾದರೂ ಹಿಡಿದರೆ ಆಗುತ್ತದೆ." ಹಾಗೆ ಮಾಡಬಹುದಾ? ಇನ್ನೊಂದು ಅನುಮಾನ. ನದಿ ಕೆಲಸಕ್ಕೆ ಇಂಜಿನಿಯರ್‌ಗಳು ಬೇಕಲ್ವಾ? ಅಲ್ಲಿ ರಾಜಕಾರಣಿಗಳು ಯಾಕೆ ಕೂರುತ್ತಾರೆ?

ಉತ್ತರ: ನಮಸ್ಕಾರ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ನಿಮ್ಮ ಅರ್ಜಿಯ ಮೇಲೆ ತೀರ್ಮಾನ ಕೊಡಲು ಕೂರುವ ಬೋರ್ಡ್ ಸದಸ್ಯರನ್ನು ಮೊದಲೇ ಮನೆಗೋ ಆಫೀಸಿಗೋ ಹೋಗಿ ಕಾಣಬೇಡಿ. ಅದರಿಂದ ನಿಮಗೇ ನಷ್ಟ. ಅರ್ಜಿ ವಿಚಾರಣೆಗೆ ಬಂದ ದಿನ ಅವರು "ನಾನು ಈ ವಿಷಯ ಮೊದಲೇ ಮಾತಾಡಿದ್ದೇನೆ" ಅಂತ ಎದ್ದು ಹೊರಗೆ ಹೋಗಬೇಕಾಗಬಹುದು. ನಿಮ್ಮ ಊರಿನ ಕಷ್ಟ ಗೊತ್ತಿರುವ ಒಂದು ಜೀವ ಆ ಮೇಜಿನಿಂದ ಕಡಿಮೆಯಾಗುತ್ತದೆ, ಅಷ್ಟೇ. ಆದರೆ ಕೌನ್ಸಿಲರ್‌ನಿಂದ ನಿಮಗೆ ಏನೂ ಉಪಯೋಗ ಇಲ್ಲ ಅಂತಲ್ಲ. ಯಾವುದಕ್ಕೆ ಉಪಯೋಗ, ಯಾವುದಕ್ಕೆ ಅಲ್ಲ ಅನ್ನುವುದು ತಿಳಿಯಬೇಕಾದರೆ ಈ ಬೋರ್ಡ್ ಹೇಗೆ ಹುಟ್ಟಿತು ಅಂತ ಸ್ವಲ್ಪ ನೋಡಬೇಕು.

ನಿಮ್ಮ ಪ್ರಾಂತವಾದ ಒಂಟಾರಿಯೊದಲ್ಲಿ ಕನ್ಸರ್ವೇಶನ್ ಅಥಾರಿಟಿ ಕಾನೂನು ಬಂದದ್ದು 1946ರಲ್ಲಿ. ಅದಕ್ಕೆ ಮುಂಚೆ ಒಂದೊಂದು ಊರೂ ತನ್ನ ತನ್ನ ಗಡಿಯೊಳಗೆ ಹಳ್ಳ, ಕಾಡು, ಮಣ್ಣು ನೋಡಿಕೊಳ್ಳುತ್ತಿತ್ತು, ಅಥವಾ ನೋಡಿಕೊಳ್ಳದೇ ಬಿಡುತ್ತಿತ್ತು. ಮೇಲಿನ ಊರಿನವರು ಮರ ಕಡಿದರೆ ಕೆಳಗಿನ ಊರಿಗೆ ಕೆಸರು ನೀರು. ಕೆರೆಗಳ ಸಾಲು ನೋಡಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೇ ಬರುತ್ತದೆ, ನಡುವೆ ಪಂಚಾಯಿತಿ ಗಡಿ ಇದೆಯೋ ಇಲ್ಲವೋ ನೀರಿಗೆ ಗೊತ್ತಿಲ್ಲ. ಹಾಗಾಗಿ ಆ ಕಾನೂನು ಊರಿನ ಗಡಿ ಬಿಟ್ಟು ಜಲಾನಯನದ ಗಡಿ ಹಿಡಿಯಿತು. ಒಂದು ನದಿಗೆ ನೀರು ಹರಿದು ಬರುವಷ್ಟು ನೆಲ ಎಲ್ಲ ಒಂದು ಅಥಾರಿಟಿ.

ಇನ್ನೂ ಒಂದು ಮುಖ್ಯವಾದ ಮಾತು ಆ ಕಾನೂನಿನಲ್ಲೇ ಇತ್ತು. ಸರ್ಕಾರ ತಾನಾಗಿ ಬಂದು ಅಥಾರಿಟಿ ಸ್ಥಾಪಿಸುವುದಿಲ್ಲ, ಆ ಜಲಾನಯನದ ಊರುಗಳ ಕೌನ್ಸಿಲ್‌ಗಳೇ ಬೇಕು ಅಂತ ಕೇಳಬೇಕು, ಖರ್ಚಿನಲ್ಲಿ ಪಾಲು ಕೊಡಬೇಕು. ದುಡ್ಡು ಕೊಡುವವರು ಬೋರ್ಡಿಗೆ ತಮ್ಮ ಜನರನ್ನು ಕಳಿಸುತ್ತಾರೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಅರ್ಧ ಸಿಕ್ಕಿತು. ರಾಜಕಾರಣಿಗಳು ಆಮೇಲೆ ಬಂದು ಇಂಜಿನಿಯರ್‌ಗಳ ಕುರ್ಚಿಯಲ್ಲಿ ಕೂತವರಲ್ಲ. ಈ ಸಂಸ್ಥೆಯನ್ನು ಕಟ್ಟಿದ್ದೇ ಊರಿನ ಕೌನ್ಸಿಲ್‌ಗಳು. ಇಂಜಿನಿಯರ್‌ಗಳು, ಜೀವಶಾಸ್ತ್ರ ಓದಿದವರು, ನಕ್ಷೆ ಮಾಡುವವರು ಎಲ್ಲ ಸಿಬ್ಬಂದಿಯಾಗಿ ಇದ್ದಾರೆ, ವರದಿ ಬರೆಯುವುದು ಅವರೇ.

ಯಾರಿಗೆ ಎಷ್ಟು ಕುರ್ಚಿ ಅನ್ನುವುದು ಜನಸಂಖ್ಯೆ ಮೇಲೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಇರುವ ಊರಿಗೆ 1. ಹತ್ತು ಸಾವಿರ ದಾಟಿದರೆ 2, ಐವತ್ತು ಸಾವಿರಕ್ಕೆ 3, ಒಂದು ಲಕ್ಷಕ್ಕೆ 4, ಎರಡೂವರೆ ಲಕ್ಷಕ್ಕೆ 5, ಐದು ಲಕ್ಷಕ್ಕೆ 6, ಹತ್ತು ಲಕ್ಷ ದಾಟಿದರೆ 7. ಇಲ್ಲಿ ಒಂದು ಸೂಕ್ಷ್ಮ ಇದೆ. ಹತ್ತು ಲಕ್ಷ ಜನರ ನಗರಕ್ಕೆ ಹಳ್ಳಿಗಿಂತ ನೂರು ಪಟ್ಟು ಜನ ಇದ್ದರೂ ಕುರ್ಚಿ ಏಳು ಪಟ್ಟು ಮಾತ್ರ. ಇದನ್ನು ಅನ್ಯಾಯ ಅನ್ನುವವರು ನಗರಗಳಲ್ಲಿ ಇದ್ದಾರೆ. ನನಗೆ ಇದು ಸರಿ ಅನಿಸುತ್ತದೆ, ಯಾಕೆಂದರೆ ನದಿ ಹುಟ್ಟುವುದು ಸಾಮಾನ್ಯವಾಗಿ ಆ ಚಿಕ್ಕ ಊರುಗಳ ಕಡೆ. ಬರೀ ತಲೆ ಎಣಿಸಿದರೆ ನೀರು ಹುಟ್ಟುವ ಜಾಗಕ್ಕೆ ಮಾತೇ ಇರುವುದಿಲ್ಲ. ಎಲ್ಲ ಊರುಗಳೂ ಒಪ್ಪಿ ಠರಾವು ಮಾಡಿದರೆ ಬೇರೆ ಲೆಕ್ಕವನ್ನೂ ಇಟ್ಟುಕೊಳ್ಳಬಹುದು.

ಟೊರಾಂಟೊ ಕಡೆಯ ಅಥಾರಿಟಿಗೆ, ಅಂದರೆ ಟಿಆರ್‌ಸಿಎಗೆ, ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಟೊರಾಂಟೊ ನಗರದ ಸದಸ್ಯರು ಬೇರೆ ಎಲ್ಲರನ್ನೂ ಕೂಡಿಸಿದಷ್ಟೇ ಇರಬೇಕು. ಒಟ್ಟು 28ರಲ್ಲಿ 14 ಟೊರಾಂಟೊದವರು, ಉಳಿದ 14 ಪೀಲ್, ಯಾರ್ಕ್, ಡರಮ್ ಅನ್ನುವ ರೀಜನ್ ಆಡಳಿತಗಳ (ಹಲವು ಊರು ಸೇರಿದ, ನಮ್ಮ ಜಿಲ್ಲೆಯಂಥವು) ಮತ್ತು ಎರಡು ಸಣ್ಣ ಊರುಗಳ ಕಡೆಯಿಂದ. ನಿಮ್ಮ ಬ್ರಾಂಪ್ಟನ್ ನೇರವಾಗಿ ಯಾರನ್ನೂ ಕಳಿಸುವುದಿಲ್ಲ, ಕಳಿಸುವುದು ಪೀಲ್ ರೀಜನ್. ಜೊತೆಗೆ ಬ್ರಾಂಪ್ಟನ್ ಎರಡು ಅಥಾರಿಟಿಗಳ ನಡುವೆ ಹಂಚಿಹೋಗಿದೆ. ಪಶ್ಚಿಮದ ಕಡೆ ಕ್ರೆಡಿಟ್ ನದಿಗೆ ನೀರು ಹರಿಯುವ ಜಾಗಕ್ಕೆ ಕ್ರೆಡಿಟ್ ವ್ಯಾಲಿ ಅಥಾರಿಟಿ, ಎಟೋಬಿಕೋ ಕ್ರೀಕ್ ಮತ್ತು ಹಂಬರ್ ಕಡೆಗೆ ಹರಿಯುವ ಜಾಗಕ್ಕೆ ಟಿಆರ್‌ಸಿಎ. ಒಂದೇ ಊರಿನ ಇಬ್ಬರು ಗೆಳೆಯರಿಗೆ ಬೇರೆ ಬೇರೆ ಬೋರ್ಡ್ ಇರಬಹುದು. ನಿಮ್ಮ ಹಳ್ಳ ಯಾವ ನದಿಗೆ ಸೇರುತ್ತದೆ ಅಂತ ಮೊದಲು ನೋಡಿಕೊಳ್ಳಿ. ಪಕ್ಕದ ಮನೆಯವರು ಹೇಳಿದ ಕೌನ್ಸಿಲರ್ ನಿಮ್ಮ ಅಥಾರಿಟಿಯ ಬೋರ್ಡಿನಲ್ಲಿ ಇಲ್ಲದೇ ಇರಬಹುದು. ಎಲ್ಲ ಕೌನ್ಸಿಲರ್‌ಗಳೂ ಅಲ್ಲಿ ಇರುವುದಿಲ್ಲ.

ಈಗ ಕೌನ್ಸಿಲರ್ ಅಲ್ಲಿ ಯಾಕೆ ಇರಬೇಕು ಅನ್ನುವುದಕ್ಕೆ ಬರುತ್ತೇನೆ. 1954ರ ಅಕ್ಟೋಬರ್ 15ರ ರಾತ್ರಿ ಹೇಜಲ್ ಚಂಡಮಾರುತ ಟೊರಾಂಟೊ ಕಡೆ ಬಂತು. ಮೊದಲೇ ಮಳೆ ಕುಡಿದು ನೆನೆದ ನೆಲ. ಅದರ ಮೇಲೆ 48 ಗಂಟೆಯಲ್ಲಿ ಸುಮಾರು 285 ಮಿಲಿಮೀಟರ್ ಮಳೆ, ಅದರಲ್ಲೂ ಹೆಚ್ಚಿನದು ಕೆಲವೇ ಗಂಟೆಗಳಲ್ಲಿ. ಒಂಟಾರಿಯೊದಲ್ಲಿ 81 ಜನ ಸತ್ತರು. ಹಂಬರ್ ನದಿ ದಡದಲ್ಲಿ ರೇಮೋರ್ ಡ್ರೈವ್ ಅಂತ ಒಂದು ಬೀದಿ ಇತ್ತು. ಆ ಒಂದು ಬೀದಿಯಲ್ಲೇ 35 ಜನ. ಮಲಗಿದ್ದವರು ಮನೆ ಸಮೇತ ಕೊಚ್ಚಿಹೋದರು. ಈಗ ಅಲ್ಲಿ ಪಾರ್ಕ್ ಇದೆ, ಬೇಸಿಗೆಯಲ್ಲಿ ಮಕ್ಕಳು ಆಡುತ್ತಾರೆ. ಟೊರಾಂಟೊ ಕಡೆಗೆ ಹೋದಾಗ ಒಮ್ಮೆ ನಿಂತು ನೋಡಿ ಬನ್ನಿ. ನದಿ ಎಷ್ಟು ಕೆಳಗೆ ತಣ್ಣಗೆ ಹರಿಯುತ್ತಿರುತ್ತದೆ ಅಂದರೆ, ಅದು ಮೇಲೆ ಬಂದು ಬೀದಿ ಹೊತ್ತುಕೊಂಡು ಹೋಯಿತು ಅಂದರೆ ನಂಬಲು ಆಗುವುದಿಲ್ಲ.

ಆ ಬೀದಿಯಲ್ಲಿ ಮನೆ ಕಟ್ಟಿದವರು ಕಳ್ಳತನದಿಂದ ಕಟ್ಟಿದವರಲ್ಲ. ಅಲ್ಲಿ ಮನೆ ಕಟ್ಟುವುದನ್ನು ತಡೆಯುವ ನಿಯಮವೇ ಆಗ ಇರಲಿಲ್ಲ. ಮನೆ ಕಟ್ಟಲು ಬಿಡುವ ಕೈ ಒಂದು ಕಡೆ, ನದಿ ಬಲ್ಲ ತಲೆ ಇನ್ನೊಂದು ಕಡೆ ಇದ್ದರೆ ಹೀಗೇ ಆಗುತ್ತದೆ. ಆ ಎರಡನ್ನೂ ಒಂದೇ ಮೇಜಿಗೆ ಕೂರಿಸುವ ಕೆಲಸ ಈ ಬೋರ್ಡಿನದು. ಹೇಜಲ್ ಆದಮೇಲೆ, 1957ರಲ್ಲಿ, ಆ ಭಾಗದ ನಾಲ್ಕು ಅಥಾರಿಟಿಗಳನ್ನು ಸೇರಿಸಿ ಒಂದು ದೊಡ್ಡದು ಮಾಡಿದರು, ಅದೇ ಇವತ್ತಿನ ಟಿಆರ್‌ಸಿಎ. ಕಣಿವೆಯ ನೆಲವನ್ನು ಕೊಂಡುಕೊಂಡರು. ಟೊರಾಂಟೊದ ಕಣಿವೆಗಳಲ್ಲಿ ಇವತ್ತು ಮನೆಗಳ ಬದಲು ಮರಗಳು ಜಾಸ್ತಿ ಇರುವುದಕ್ಕೆ ಅದು ದೊಡ್ಡ ಕಾರಣ. ನಿಮ್ಮ ಬ್ರಾಂಪ್ಟನ್‌ನಲ್ಲೇ ಕ್ಲೇರ್‌ವಿಲ್ ಡ್ಯಾಮ್ ಇದೆಯಲ್ಲ, 1960ರ ದಶಕದ್ದು, ಅದು ನಿಂತಿರುವುದು ಬ್ರಾಂಪ್ಟನ್ ನೆಲದಲ್ಲಿ, ಕಾಯುವುದು ಕೆಳಗಡೆ ಇರುವ ಟೊರಾಂಟೊದ ಮನೆಗಳನ್ನು. ನಮ್ಮ ತೆರಿಗೆ ದುಡ್ಡು ಪಕ್ಕದ ಊರಿನ ನೆಲಕ್ಕೆ ಯಾಕೆ ಅಂತ ಮತ ಕೊಟ್ಟವರು ಕೇಳಿದರೆ ಉತ್ತರ ಹೇಳಬೇಕಾದವರು ಯಾರು? ಇಂಜಿನಿಯರ್ ಅಲ್ಲ. ಚುನಾವಣೆಗೆ ನಿಲ್ಲುವ ಮನುಷ್ಯ. ಅವರೇ ಆ ಬೋರ್ಡಿನಲ್ಲಿ ಕೈ ಎತ್ತಿದ್ದರೆ ಮಾತ್ರ ಆ ಉತ್ತರಕ್ಕೆ ತೂಕ ಬರುತ್ತದೆ.

ಸರಿ, ಅವರು ಅಲ್ಲಿ ಕೂರಲಿ. ಕೂತಮೇಲೆ ಅವರು ಯಾರ ಕಡೆ? ನನ್ನ ಪ್ರಕಾರ ಇದೇ ಇಡೀ ವಿಷಯದ ತಿರುಳು.

ನಮ್ಮ ಕಡೆ ನೀರುಗಂಟಿ ಅಂತ ಇರುತ್ತಿದ್ದರು, ನಿಮಗೆ ನೆನಪಿರಬಹುದು ಅಥವಾ ಅಜ್ಜ ಹೇಳಿರಬಹುದು. ಕೆರೆ ತೂಬು ಎತ್ತಿ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವವರು. ಅವರಿಗೂ ಮನೆ ಇದೆ, ನೆಂಟರು ಇದ್ದಾರೆ, ಅಚ್ಚುಕಟ್ಟಿನಲ್ಲಿ ಅಣ್ಣನ ಗದ್ದೆಯೂ ಇರಬಹುದು. ಕಾಳು ಕೊಡುವುದು ಒಂದೊಂದು ಮನೆಯವರು. ಆದರೆ ತೂಬಿನ ಹತ್ತಿರ ನಿಂತಾಗ ನೀರುಗಂಟಿ ಇಡೀ ಅಚ್ಚುಕಟ್ಟಿನ ಮನುಷ್ಯ. ಅಣ್ಣನ ಗದ್ದೆಗೆ ಮೊದಲು ಬಿಟ್ಟರೆ ಮಾರನೇ ದಿನವೇ ಊರಿಗೆ ಗೊತ್ತಾಗುತ್ತದೆ.

ಒಂಟಾರಿಯೊ ಕಾನೂನು ಹೇಳುವುದೂ ಇದನ್ನೇ. ಪ್ರತಿಯೊಬ್ಬ ಸದಸ್ಯರೂ ಪ್ರಾಮಾಣಿಕವಾಗಿ, ಒಳ್ಳೆಯ ಮನಸ್ಸಿನಿಂದ, ಅಥಾರಿಟಿಯ ಉದ್ದೇಶ ಈಡೇರುವ ಹಾಗೆ ನಡೆದುಕೊಳ್ಳಬೇಕು ಅಂತ ಇದೆ. ಕಳಿಸಿದ ಊರಿನ ಉದ್ದೇಶ ಅಂತ ಬರೆದಿಲ್ಲ, ಅಥಾರಿಟಿಯ ಉದ್ದೇಶ ಅಂತ ಬರೆದಿದೆ. 2020ರಲ್ಲಿ ಪ್ರಾಂತ ಸರ್ಕಾರ ಬಜೆಟ್ ಮಸೂದೆಯ ಜೊತೆ ಇದನ್ನು ತಿದ್ದಲು ಹೊರಟಿತು. ಊರುಗಳು ಕಳಿಸಿದ ಸದಸ್ಯರು ತಮ್ಮ ತಮ್ಮ ಊರಿನ ಪರವಾಗಿ ನಡೆದುಕೊಳ್ಳಬೇಕು ಅಂತ ಬದಲಾಯಿಸುವ ಪ್ರಸ್ತಾಪ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಊರಿನ ಪ್ರತಿನಿಧಿ ಊರಿನ ಪರ ಮಾತಾಡಬೇಕು, ಅದರಲ್ಲಿ ತಪ್ಪೇನು ಅನಿಸುತ್ತದೆ. ಆದರೆ ಹಾಗಾದರೆ ಬೋರ್ಡಿನಲ್ಲಿ ಬರೀ ಒಂದೊಂದು ಊರಿನ ಪರ ವಾದಿಸುವವರೇ ಇರುತ್ತಾರೆ, ನದಿ ಪರ ಯಾರೂ ಇರುವುದಿಲ್ಲ. ಆ ಡಿಸೆಂಬರಿನಲ್ಲಿ ದೊಡ್ಡ ಗಲಾಟೆ ಆಯಿತು. ಆ ಮಸೂದೆಯನ್ನು ವಿರೋಧಿಸಿ ಗ್ರೀನ್‌ಬೆಲ್ಟ್ (ನಗರಗಳ ಸುತ್ತ ಕಾಪಾಡಿದ ಹಸಿರು ಪಟ್ಟಿ) ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಗ್ರೀನ್‌ಬೆಲ್ಟ್ ಕೌನ್ಸಿಲ್‌ನ ಅಧ್ಯಕ್ಷ ಡೇವಿಡ್ ಕ್ರಾಂಬಿ, ಒಂದು ಕಾಲಕ್ಕೆ ಟೊರಾಂಟೊದ ಮೇಯರ್ ಆಗಿದ್ದವರು, ರಾಜೀನಾಮೆ ಕೊಟ್ಟರು. ಅವರ ಜೊತೆ ಇನ್ನೂ ಕೆಲವು ಸದಸ್ಯರು ಹೊರಬಂದರು. ಕೊನೆಗೆ ಸರ್ಕಾರ ಆ ಒಂದು ಬದಲಾವಣೆಯನ್ನು ಕೈಬಿಟ್ಟಿತು, ಹಳೇ ಮಾತು ಉಳಿಯಿತು. ಮಸೂದೆಯ ಬೇರೆ ತಿದ್ದುಪಡಿಗಳು ಬಹಳ ಮಟ್ಟಿಗೆ ಹಾಗೇ ಜಾರಿಗೆ ಬಂದವು, ಅದು ನನಗೆ ಇವತ್ತಿಗೂ ಬೇಸರ.

ಆ ಬದಲಾವಣೆ ಬಂದಿದ್ದರೆ ಏನಾಗುತ್ತಿತ್ತು ಅಂತ ತಿಳಿಯಲು ದೂರ ಹೋಗಬೇಕಾಗಿಲ್ಲ. ಟೊರಾಂಟೊದ ಪೂರ್ವಕ್ಕೆ ಪಿಕರಿಂಗ್ ಊರು. ಅಲ್ಲಿ ಡಫಿನ್ಸ್ ಕ್ರೀಕ್ ಹತ್ತಿರ ಒಂದು ಜೌಗು ನೆಲ, ಪ್ರಾಂತವೇ ಮಹತ್ವದ್ದು ಅಂತ ಗುರುತಿಸಿದ್ದು. ಅದರ ಮೇಲೆ ದೊಡ್ಡ ಗೋದಾಮು ಕಟ್ಟಲು 2020ರಲ್ಲಿ ಮಂತ್ರಿಯ ವಿಶೇಷ ಜೋನಿಂಗ್ ಆದೇಶ (ಆ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ಆದೇಶ) ಬಂತು. ಅದನ್ನು ಕೇಳಿದ್ದು ಪಿಕರಿಂಗ್ ಕೌನ್ಸಿಲ್ಲೇ. ಪಕ್ಕದ ಏಜಾಕ್ಸ್ ಊರು ಬೇಡ ಅಂತು. ಅಂಥ ಆದೇಶ ಇದ್ದರೆ ಅಥಾರಿಟಿ ಪರ್ಮಿಟ್ ಕೊಡಲೇಬೇಕು, ಷರತ್ತು ಹಾಕಬಹುದು ಅಷ್ಟೇ ಅಂತ ಅದೇ 2020ರ ತಿದ್ದುಪಡಿ ಹೇಳಿತ್ತು. ಹಾಗಾಗಿ 2021ರ ಮಾರ್ಚ್‌ನಲ್ಲಿ ಟಿಆರ್‌ಸಿಎ ಮನಸ್ಸಿಲ್ಲದೇ ಪರ್ಮಿಟ್ ಕೊಟ್ಟಿತು. ಅದೇ ಹೊತ್ತಿಗೆ ಅಲ್ಲಿಗೆ ಬರಬೇಕಿದ್ದ ಕಂಪನಿ ಹಿಂದೆ ಸರಿಯಿತು, ಜೌಗು ನೆಲ ಉಳಿಯಿತು. ನೋಡಿ, ಒಂದೇ ಹಳ್ಳ. ಒಂದು ಊರಿಗೆ ಕೆಲಸ ಮತ್ತು ತೆರಿಗೆ ಬರುತ್ತದೆ ಅನ್ನುವ ಆಸೆ, ಪಕ್ಕದ ಊರಿಗೆ ನೀರಿನ ಭಯ. ತಮ್ಮ ತಮ್ಮ ಊರಿನ ಪರ ಮಾತ್ರ ಮತ ಹಾಕಿ ಅಂತ ಅವರಿಗೆ ಕಾನೂನೇ ಹೇಳಿದ್ದರೆ, ಆ ಜೌಗು ನೆಲದ ಪರ ಮಾತಾಡುವವರು ಅದೃಷ್ಟ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದೇ 2020ರ ತಿದ್ದುಪಡಿ ಇನ್ನೊಂದು ನಿಯಮ ತಂದಿತು. ಪ್ರತಿ ಊರೂ ಕಳಿಸುವವರಲ್ಲಿ ಕನಿಷ್ಠ 70 ಶೇಕಡಾ ಜನ ಆಯ್ಕೆಯಾದ ಕೌನ್ಸಿಲ್ ಸದಸ್ಯರೇ ಇರಬೇಕು. ಬೇರೆ ಥರ ಬೇಕಾದರೆ ಮಂತ್ರಿಯ ಒಪ್ಪಿಗೆ ತರಬೇಕು. ಮುಂಚೆ ಊರಿನವರು ಯಾರನ್ನು ಬೇಕಾದರೂ ಕಳಿಸಬಹುದಿತ್ತು, ಆ ಅಥಾರಿಟಿಯ ಊರುಗಳಲ್ಲಿ ಒಂದರ ನಿವಾಸಿ ಆಗಿದ್ದರೆ ಸಾಕು. ನಿವೃತ್ತ ಭೂಗರ್ಭ ತಜ್ಞರು, ರೈತರು, ಹಕ್ಕಿ ನೋಡುವ ಮೇಷ್ಟ್ರು, ಇಂಥವರಿಗೆಲ್ಲ ಜಾಗ ಇತ್ತು. ಈಗ ಒಂದೇ ಕುರ್ಚಿ ಇರುವ ಸಣ್ಣ ಊರು ಲೆಕ್ಕ ಹಾಕಿದರೆ ಒಬ್ಬರಲ್ಲಿ 70 ಶೇಕಡಾ ಅಂದರೆ ಆ ಒಬ್ಬರೇ. ಅಂದರೆ ಕೌನ್ಸಿಲರ್ ಬಿಟ್ಟರೆ ಬೇರೆ ಯಾರೂ ಇಲ್ಲ. ಕೌನ್ಸಿಲರ್ ಬೇಕು ಅಂತ ಇಷ್ಟು ಹೊತ್ತು ವಾದಿಸಿದ ನಾನೇ ಇದನ್ನು ಒಪ್ಪುವುದಿಲ್ಲ. ಅರ್ಧದಷ್ಟು ಕೌನ್ಸಿಲರ್‌ಗಳು, ಉಳಿದರ್ಧ ನೆಲ ಬಲ್ಲ ನಿವಾಸಿಗಳು ಇದ್ದರೆ ಸಾಕಿತ್ತು. ಅದರಲ್ಲೂ ಈ ನದಿಗಳ ದಡದಲ್ಲಿ ಎಲ್ಲರಿಗಿಂತ ಮೊದಲಿಂದ ಬದುಕಿದ ಮೂಲನಿವಾಸಿ ಸಮುದಾಯಗಳಿಗೆ ಈ ಲೆಕ್ಕದಲ್ಲಿ ತಮ್ಮದೇ ಅಂತ ಒಂದು ಕುರ್ಚಿ ಇಲ್ಲ. ಕೃಷಿ ಪರ ಒಬ್ಬರನ್ನು ಮಂತ್ರಿ ಸೇರಿಸಬಹುದು ಅಂತ ಇದೆ, ಆದರೆ ಅವರಿಗೆ ಬಜೆಟ್ ವಿಷಯದಲ್ಲಿ ಮತ ಇಲ್ಲ.

ಬೇರೆ ಕಡೆ ಹೇಗಿದೆ ಅಂತ ನೋಡಿದರೆ ಒಂದೇ ಸರಿ ದಾರಿ ಅಂತ ಇಲ್ಲ ಅನ್ನುವುದು ಗೊತ್ತಾಗುತ್ತದೆ. ಗಡಿ ದಾಟಿ ಅಮೆರಿಕದ ಪೆನ್ಸಿಲ್ವೇನಿಯಾಗೆ ಹೋದರೆ ಅಲ್ಲಿ ಕೌಂಟಿಗೊಂದು ಕನ್ಸರ್ವೇಶನ್ ಡಿಸ್ಟ್ರಿಕ್ಟ್ ಇದೆ, 67 ಕೌಂಟಿಗಳಲ್ಲಿ ಫಿಲಡೆಲ್ಫಿಯಾ ಬಿಟ್ಟು 66ರಲ್ಲಿ. ಅದರ ಕಾನೂನು 1945ರದ್ದು, ನಮ್ಮದಕ್ಕಿಂತ ಒಂದು ವರ್ಷ ಮೊದಲು. ಬೋರ್ಡಿನಲ್ಲಿ ಕೌಂಟಿ ಆಡಳಿತದ ಒಬ್ಬರು, ಕನಿಷ್ಠ ನಾಲ್ಕು ರೈತರು, ಕನಿಷ್ಠ ಇಬ್ಬರು ಸಾರ್ವಜನಿಕರು. ರಾಜಕಾರಣಿಗೆ ಒಂದು ಬಾಗಿಲು ತೆರೆದಿದ್ದಾರೆ, ಮನೆ ಮಾತ್ರ ರೈತರದು. ಮಿನೆಸೋಟಾದ ಜಲಾನಯನ ಡಿಸ್ಟ್ರಿಕ್ಟ್‌ಗಳಲ್ಲಂತೂ ಸದಸ್ಯರನ್ನು ನೇಮಿಸುವುದು ಕೌಂಟಿ ಬೋರ್ಡೇ ಆದರೂ ಕೌಂಟಿಯ ಅಧಿಕಾರದಲ್ಲಿ ಇರುವವರು ಸ್ವತಃ ಅಲ್ಲಿ ಕೂರುವ ಹಾಗಿಲ್ಲ. ಒಂಟಾರಿಯೊದ ಪೂರ್ತಿ ಉಲ್ಟಾ. ಹಾಗಿದ್ದೂ ಎರಡು ಕಡೆಯೂ ಕೆಲಸ ನಡೆಯುತ್ತಿದೆ. ನನಗೆ ಪೆನ್ಸಿಲ್ವೇನಿಯಾದ ಹದ ಇಷ್ಟ, ಆದರೆ ಅದು ಹೊಲದ ಮಣ್ಣು ಉಳಿಸಲು ಹುಟ್ಟಿದ್ದು. ನಮ್ಮದು ಊರಿನ ತೆರಿಗೆಯಿಂದ ನಡೆಯುವಂಥದ್ದು, ಹಾಗಾಗಿ ಅದನ್ನೇ ಎತ್ತಿ ಇಲ್ಲಿ ಇಡಲು ಬರುವುದಿಲ್ಲ.

ತೆರಿಗೆ ಅಂದೆನಲ್ಲ, ಅದನ್ನೂ ಹೇಳುತ್ತೇನೆ. 2019ರಲ್ಲಿ ಪ್ರಾಂತ ಸರ್ಕಾರ ನೆರೆ ಕೆಲಸಕ್ಕೆ ಎಲ್ಲ ಅಥಾರಿಟಿಗಳಿಗೂ ಸೇರಿ ಕೊಡುತ್ತಿದ್ದ ಸುಮಾರು 74 ಲಕ್ಷ ಡಾಲರನ್ನು ಅರ್ಧಕ್ಕೆ ಇಳಿಸಿತು. ಈಗ ಅಥಾರಿಟಿಗಳ ಹೆಚ್ಚಿನ ಹೊರೆ ಊರುಗಳ ಪಾಲು ಮತ್ತು ಅವುಗಳ ಸ್ವಂತ ಆದಾಯದ ಮೇಲೆ, ಅಂದರೆ ಪರ್ಮಿಟ್ ಫೀಸು, ಪಾರ್ಕ್ ಟಿಕೆಟ್ಟು ಇತ್ಯಾದಿ. ನಿಮ್ಮ ಆಸ್ತಿ ತೆರಿಗೆಯಲ್ಲಿ ಒಂದು ಚೂರು ಅಲ್ಲಿಗೆ ಹೋಗುತ್ತದೆ. ಬಜೆಟ್ ದಿನ ಮಾತ್ರ ಬೋರ್ಡಿನಲ್ಲಿ ತಲೆಗೊಂದು ಮತ ಅಲ್ಲ. ಯಾವ ಊರು ಎಷ್ಟು ದುಡ್ಡು ಕೊಡುತ್ತದೋ ಅಷ್ಟು ತೂಕ. ಆದರೆ ಒಂದೇ ಊರಿನ ತೂಕ ಅರ್ಧ ದಾಟದ ಹಾಗೆ ಕಟ್ಟು ಇದೆ, ಆ ಊರಿನ ಸದಸ್ಯರೇ ಅರ್ಧಕ್ಕಿಂತ ಜಾಸ್ತಿ ಇದ್ದರೆ ಮಾತ್ರ ವಿನಾಯಿತಿ. ಇದು ತುಂಬಾ ಯೋಚಿಸಿ ಮಾಡಿದ ನಿಯಮ ಅನಿಸುತ್ತದೆ ನನಗೆ. ದುಡ್ಡಿಗೆ ಬೆಲೆ ಇದೆ, ಆದರೆ ದುಡ್ಡಿದ್ದವರದೇ ರಾಜ್ಯ ಆಗಬಾರದು. ಅಧ್ಯಕ್ಷರ ಕುರ್ಚಿಯೂ ಹಾಗೇ, ಒಂದು ವರ್ಷದ ಅವಧಿ, ಸತತವಾಗಿ ಎರಡೇ ಅವಧಿ, ಊರಿಂದ ಊರಿಗೆ ಸುತ್ತಬೇಕು. ಮಂತ್ರಿ ಬೇಕಾದರೆ ವಿನಾಯಿತಿ ಕೊಡಬಹುದು.

ನೀವು ಕೇಳಿಲ್ಲ, ಆದರೂ ಹೇಳದೇ ಇರಲಾರೆ. 2025ರ ಅಕ್ಟೋಬರ್ ಕೊನೆಗೆ ಪ್ರಾಂತ ಸರ್ಕಾರ 36 ಅಥಾರಿಟಿಗಳನ್ನು ಸೇರಿಸಿ 7 ದೊಡ್ಡ ಪ್ರಾದೇಶಿಕ ಅಥಾರಿಟಿ ಮಾಡುವ ಯೋಜನೆ ಮುಂದಿಟ್ಟಿತು. ನವೆಂಬರಿನಲ್ಲಿ ಕಾನೂನು ತಿದ್ದಿ ಎಲ್ಲದರ ಮೇಲೆ ಒಂದು ಪ್ರಾಂತ ಮಟ್ಟದ ಏಜೆನ್ಸಿಗೂ ದಾರಿ ಮಾಡಿಕೊಂಡಿತು. ಪರ್ಮಿಟ್ ಬೇಗ ಸಿಗಲಿ, ಎಲ್ಲ ಕಡೆ ಒಂದೇ ನಿಯಮ ಇರಲಿ ಅನ್ನುವುದು ಅವರ ವಾದ. ಒಂದೇ ನಿಯಮ ಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ, ಪಕ್ಕಪಕ್ಕದ ಎರಡು ಅಥಾರಿಟಿಗಳ ಫಾರಂಗಳು ಬೇರೆ ಬೇರೆ ಇದ್ದು ಜನ ಒದ್ದಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಕುರ್ಚಿ ಲೆಕ್ಕ ಮಾಡಿ ನೋಡಿ. ಒಂದು ಅಥಾರಿಟಿಯಲ್ಲಿ ಐವತ್ತೋ ಅರವತ್ತೋ ಊರುಗಳು ಸೇರಿದರೆ, ಊರಿಗೊಂದು ಕುರ್ಚಿ ಕೊಟ್ಟರೆ ಅದು ಸಭೆ ಆಗುವುದಿಲ್ಲ, ಸಂತೆ ಆಗುತ್ತದೆ. ಕೊಡದಿದ್ದರೆ ಸಣ್ಣ ಊರುಗಳು ದುಡ್ಡು ಕೊಟ್ಟು ಸುಮ್ನೆ ಇರಬೇಕು. ಕೊನೆಗೆ ಎಷ್ಟೇ ಅಥಾರಿಟಿಗಳು ಉಳಿಯಲಿ, ನಾನು ಗಮನ ಇಡುವುದು ಇದರ ಮೇಲೆ: ನೀರು ಹುಟ್ಟುವ ಹಳ್ಳಿಗೆ ಆ ಮೇಜಿನಲ್ಲಿ ಜಾಗ ಇದೆಯಾ, ಇಲ್ಲವಾ? ಒಂಟಾರಿಯೊದ ಮುಂದಿನ ನಗರಸಭೆ ಚುನಾವಣೆಗೆ ದಿನ 2026ರ ಅಕ್ಟೋಬರ್ 26. ಅದು ಮುಗಿದಮೇಲೆ ಹೊಸ ಕೌನ್ಸಿಲ್‌ಗಳು ಈ ಕುರ್ಚಿಗಳಿಗೆ ಹೊಸಬರನ್ನು ಹೆಸರಿಸುತ್ತವೆ. ಮತ ಹಾಕಲು ಕೆನಡಾ ಪೌರತ್ವ ಬೇಕು, ಪಿಆರ್ (ಕಾಯಂ ವಾಸದ) ಕಾರ್ಡ್ ಸಾಲದು. ಆದರೆ ಮತ ಕೇಳಲು ಬಾಗಿಲಿಗೆ ಬಂದವರನ್ನು "ನೀವು ಗೆದ್ದರೆ ಅಥಾರಿಟಿ ಬೋರ್ಡಿಗೆ ಹೋಗುತ್ತೀರಾ, ಅಲ್ಲಿ ಏನು ಮಾಡುತ್ತೀರಿ" ಅಂತ ಕೇಳಲು ಯಾವ ಕಾರ್ಡೂ ಬೇಡ.

ಈಗ ನಿಮ್ಮ ಹಿತ್ತಲ ಮನೆ. ಸಿಬ್ಬಂದಿ "ಶಿಫಾರಸು ಮಾಡುವುದಿಲ್ಲ" ಅಂದ ತಕ್ಷಣ ಎಲ್ಲ ಮುಗಿಯಲಿಲ್ಲ. ನಿಮ್ಮ ಮಾತು ಕೇಳದೇ ಅಥಾರಿಟಿ ಪರ್ಮಿಟ್ ನಿರಾಕರಿಸುವ ಹಾಗಿಲ್ಲ. ವಿಚಾರಣೆ ಕೇಳುವುದು ನಿಮ್ಮ ಹಕ್ಕು. ಆ ದಿನ ಬೋರ್ಡ್ ಅಥವಾ ಅದರ ಒಂದು ಸಮಿತಿ ನ್ಯಾಯಮಂಡಳಿ ಥರ ಕೂರುತ್ತದೆ. ಸಿಬ್ಬಂದಿ ತಮ್ಮ ವರದಿ ಓದುತ್ತಾರೆ, ನೀವು ನಿಮ್ಮದು ಹೇಳುತ್ತೀರಿ, ಪ್ರಶ್ನೆ ಕೇಳುತ್ತಾರೆ. ನಾನು ಹಿಂದೊಮ್ಮೆ ಇಂಥ ಒಂದು ವಿಚಾರಣೆಯಲ್ಲಿ ಅರ್ಜಿದಾರರ ಕಡೆಯಿಂದ ನಕ್ಷೆ ಹಿಡಿದು ನಿಂತಿದ್ದೆ. ಅರ್ಜಿದಾರರ ಸ್ವಂತ ವಾರ್ಡಿನ ಕೌನ್ಸಿಲರ್ ಮೇಜಿನಲ್ಲಿದ್ದರು. ಎಲ್ಲರಿಗಿಂತ ಕಷ್ಟದ ಪ್ರಶ್ನೆ ಕೇಳಿದ್ದು ಅವರೇ: "ರಾತ್ರಿ ಎರಡು ಗಂಟೆಗೆ ನೀರು ಬಂದರೆ ನಿಮ್ಮ ತಾಯಿ ಯಾವ ಬಾಗಿಲಿಂದ ಹೊರಗೆ ಬರುತ್ತಾರೆ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವರು ಬೇಡ ಅಂತ ಮತ ಹಾಕಿದರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವತ್ತು ಆ ತಾಯಿಯ ಪರ ಮಾತಾಡಿದ್ದು ಅವರೊಬ್ಬರೇ.

ನಿಮ್ಮ ಅಪ್ಪ ಅಮ್ಮನ ವಿಷಯದಲ್ಲೂ ಅದೇ ಪ್ರಶ್ನೆ ಬರುತ್ತದೆ. ಆ ಗೆರೆಯನ್ನು ಹಾಕಿರುವುದು ಸುಮ್ನೆ ಅಂದಾಜಿನ ಮೇಲೆ ಅಲ್ಲ. ನಿಮ್ಮ ಕಡೆ ಅದರ ಅಳತೆಗೋಲು ಹೇಜಲ್‌ನಂಥ ಮಳೆ, ಅಥವಾ ನೂರು ವರ್ಷಕ್ಕೊಮ್ಮೆಯ ನೆರೆ, ಎರಡರಲ್ಲಿ ದೊಡ್ಡದು ಯಾವುದೋ ಅದು. ಬ್ರಾಂಪ್ಟನ್‌ಗೆ ಇದು ಬರೀ ಪುಸ್ತಕದ ಮಾತಲ್ಲ. 1948ರಲ್ಲಿ ಎಟೋಬಿಕೋ ಕ್ರೀಕ್ ಊರ ಮಧ್ಯಕ್ಕೇ ನುಗ್ಗಿದ ಮೇಲೆ ಅದನ್ನು ಬೇರೆ ಕಾಲುವೆಗೆ ತಿರುಗಿಸಬೇಕಾಯಿತು. 2022ರ ಫೆಬ್ರವರಿಯಲ್ಲಿ ಕ್ರೆಡಿಟ್ ನದಿಯಲ್ಲಿ ಮಂಜುಗಡ್ಡೆ ಕಟ್ಟಿಕೊಂಡು ಚರ್ಚ್‌ವಿಲ್‌ಗೆ ನೀರು ನುಗ್ಗಿತು, ಜನ ಚಳಿಯಲ್ಲಿ ಮನೆ ಬಿಟ್ಟು ಬರಬೇಕಾಯಿತು.

ವಿಚಾರಣೆಯಲ್ಲಿ "ನಮಗೆ ತುಂಬಾ ಅಗತ್ಯ ಇದೆ" ಅನ್ನುವುದು ಕೆಲಸಕ್ಕೆ ಬರುವುದಿಲ್ಲ. ಬೋರ್ಡ್ ನೋಡಬೇಕಾದದ್ದು ಮುಖ್ಯವಾಗಿ ಇಷ್ಟು: ಈ ಕಟ್ಟಡದಿಂದ ನೆರೆ ಅಥವಾ ಮಣ್ಣು ಕೊರೆತ ಹೆಚ್ಚಾಗುತ್ತದಾ, ನೆಲ ಜಾರುತ್ತದಾ, ಅವಘಡ ಆದಾಗ ಜನರ ಜೀವಕ್ಕೆ, ಆಸ್ತಿಗೆ ಅಪಾಯ ಇದೆಯಾ. ಹಾಗಾಗಿ ಒಬ್ಬ ಲೈಸೆನ್ಸ್ ಇರುವ ಸರ್ವೇಯರ್ ಹತ್ತಿರ ಹಿತ್ತಲ ಎತ್ತರ ಅಳೆಸಿ. ಗೆರೆ ನಿಮ್ಮ ಜಾಗದ ಯಾವ ಮೂಲೆಯಲ್ಲಿ ಹಾದುಹೋಗುತ್ತದೆ ಅಂತ ಸಿಬ್ಬಂದಿಯ ಜೊತೆ ಕೂತು ಗುರುತು ಮಾಡಿಸಿ. ಹಲವು ಸಲ ಮನೆಯನ್ನು ರಸ್ತೆ ಕಡೆಗೆ ಕೆಲವು ಮೀಟರ್ ಸರಿಸಿದರೆ, ಅಥವಾ ಹಿತ್ತಲ ಮನೆ ಬಿಟ್ಟು ಈಗಿರುವ ಮನೆಯ ಮುಂಭಾಗಕ್ಕೆ ಒಂದು ರೂಮು ಸೇರಿಸಿದರೆ ದಾರಿ ಸಿಗುತ್ತದೆ. ಆದರೂ ಬೇಡ ಅಂದರೆ ಕಾರಣ ಬರೆದು ಕೊಡುತ್ತಾರೆ. ಅದು ಕೈಗೆ ಬಂದ 15 ದಿನದೊಳಗೆ ಮಂತ್ರಿಗೆ ಮರುಪರಿಶೀಲನೆ ಕೇಳಬಹುದು, ಅಥವಾ 90 ದಿನದೊಳಗೆ ಒಂಟಾರಿಯೊ ಲ್ಯಾಂಡ್ ಟ್ರಿಬ್ಯೂನಲ್‌ಗೆ ಹೋಗಬಹುದು.

ಕೌನ್ಸಿಲರ್ ಹತ್ತಿರ ಏನು ಕೇಳಬಹುದು? ಬೋರ್ಡಿನಲ್ಲಿ ಇಲ್ಲದ ನಿಮ್ಮ ವಾರ್ಡಿನ ಕೌನ್ಸಿಲರ್ ಆಫೀಸಿಗೆ ಫೋನ್ ಮಾಡಿ, ಸಿಬ್ಬಂದಿಯ ಜೊತೆ ಬೇಗ ಒಂದು ಭೇಟಿ ಕೊಡಿಸಿ ಅಂತ ಕೇಳಿ, ಅದರಲ್ಲಿ ಯಾವ ತಪ್ಪೂ ಇಲ್ಲ. ಬೋರ್ಡಿನಲ್ಲಿ ಇರುವವರನ್ನು ನಿಮ್ಮ ಅರ್ಜಿ ಬಿಟ್ಟು ಬೇರೆ ಯಾವ ವಿಷಯಕ್ಕೂ ಕೇಳಬಹುದು. ನಮ್ಮ ಹಳ್ಳದ ನೆರೆ ನಕ್ಷೆ ಯಾವ ವರ್ಷದ್ದು, ಹೊಸದು ಯಾವಾಗ, ಮೇಲಿನ ಕಡೆ ಏಳುತ್ತಿರುವ ಹೊಸ ಬಡಾವಣೆಗಳ ನೀರನ್ನು ಅದರಲ್ಲಿ ಲೆಕ್ಕ ಹಿಡಿದಿದ್ದಾರಾ, ಇಂಥವು. ಬೋರ್ಡಿನ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಅಜೆಂಡಾವನ್ನು ಮೊದಲೇ ವೆಬ್‌ಸೈಟಿನಲ್ಲಿ ಹಾಕಬೇಕು, ನಡಾವಳಿಯನ್ನು ಸಭೆಯಾದ 30 ದಿನದೊಳಗೆ ಹಾಕಬೇಕು ಅಂತ ನಿಯಮ ಇದೆ. ವಿಚಾರಣೆಗೆ ಮುಂಚೆ ಒಂದು ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ, ಯಾರು ಏನು ಕೇಳುತ್ತಾರೆ ಅಂತ ಗೊತ್ತಾಗುತ್ತದೆ. ಸರ್ವೇಯರ್ ಕೊಟ್ಟ ಎತ್ತರದ ಅಂಕಿಗಳು ಬಂದಮೇಲೆ ಅದರ ಜೊತೆ ಇನ್ನೊಮ್ಮೆ ಬರೆಯಿರಿ, ರೂಮು ಎಲ್ಲಿ ಕೂರುತ್ತದೆ ಅಂತ ಒಟ್ಟಿಗೆ ನೋಡೋಣ.